ದುಬೈನಲ್ಲಿ ಫ್ಲ್ಯಾಟ್, ಜತೆಗೆ ವೀಸಾ: ಊರಿಂದ ದುಡ್ಡು ಕಳಿಸೋ ಮೊದಲು ತಿಳಿದಿರಬೇಕಾದ್ದು

ಕರಾವಳಿಯ ಯಾವ ಪೇಟೆಗೆ ಹೋದರೂ ಗಲ್ಫಿನಲ್ಲಿ ಮಗನೋ, ಅಳಿಯನೋ, ತಮ್ಮನೋ ಇರುವ ಮನೆ ಸಿಗುತ್ತದೆ. ಮೊದಲೆಲ್ಲ ಅಲ್ಲಿಂದ ದುಡ್ಡು ಊರಿಗೆ ಬರುತ್ತಿತ್ತು, ಇಲ್ಲಿ ಮನೆ ಏಳುತ್ತಿತ್ತು, ಅಂಗಡಿ ಕೋಣೆ ಖರೀದಿ ಆಗುತ್ತಿತ್ತು. ಈಗ ಲೆಕ್ಕ ಸ್ವಲ್ಪ ತಿರುಗಿದೆ. ಊರಿನ ಜಾಗ ಮಾರಿ ದುಬೈನಲ್ಲಿ ಒಂದು ಫ್ಲ್ಯಾಟ್ ಮಾಡೋಣ, ಬಾಡಿಗೆನೂ ಬರುತ್ತೆ, ವೀಸಾನೂ ಸಿಗುತ್ತೆ ಅನ್ನೋ ಮಾತು ಮನೆಮನೆಯಲ್ಲಿ ಕೇಳಿಬರ್ತಿದೆ. ವಾಟ್ಸ್‌ಆ್ಯಪ್ ಗ್ರೂಪಿಗೂ ಅಂಥದ್ದೇ ಜಾಹೀರಾತು ಬಂದು ಬೀಳುತ್ತೆ.

ಒಂದು ವಿಷಯ ಮೊದಲೇ ಹೇಳಿಬಿಡೋಣ. ದುಬೈನಲ್ಲಿ ವಿದೇಶಿಯರು ಆಸ್ತಿ ಖರೀದಿ ಮಾಡೋದು ಕಷ್ಟದ ಕೆಲಸವಲ್ಲ, ಕಾನೂನು ಸ್ಪಷ್ಟವಾಗಿದೆ. ನಮ್ಮ ಕಡೆಯವರು ಸಿಕ್ಕಿಹಾಕಿಕೊಳ್ಳೋದು ಅಲ್ಲಿಯ ಕಾನೂನಿನಲ್ಲಿ ಅಷ್ಟಾಗಿ ಅಲ್ಲ, ದುಡ್ಡು ಇಲ್ಲಿಂದ ಹೋದ ದಾರಿಯಲ್ಲಿ. ಹಾಗಾಗಿ ಈ ಲೇಖನದಲ್ಲಿ ಅಲ್ಲಿಯ ನಿಯಮ ಎಷ್ಟಿದೆಯೋ, ಇಲ್ಲಿಯ ನಿಯಮವೂ ಅಷ್ಟೇ ಇದೆ.

ಎಲ್ಲ ಕಡೆ ಖರೀದಿ ಆಗಲ್ಲ

ದುಬೈನಲ್ಲಿ ವಿದೇಶಿಯರಿಗೆ ಪೂರ್ಣ ಮಾಲೀಕತ್ವ ಕೊಡುವ ಪದ್ಧತಿ 2002ರಲ್ಲಿ ಶುರುವಾಯಿತು. 2006ರ 7ನೇ ಕಾನೂನು ಅದಕ್ಕೆ ಗಟ್ಟಿ ಬುನಾದಿ ಹಾಕಿತು. ಅದೇ ವರ್ಷ ಯಾವ ಯಾವ ಪ್ರದೇಶದಲ್ಲಿ ಹೊರದೇಶದವರು ಕೊಳ್ಳಬಹುದು ಅಂತ ಪಟ್ಟಿಯೂ ಬಂತು. ಈ ಪ್ರದೇಶಗಳಿಗೆ ಫ್ರೀಹೋಲ್ಡ್ ಅಂತಾರೆ. ದುಬೈ ಮರೀನಾ, ಡೌನ್‌ಟೌನ್, ಪಾಮ್ ಜುಮೇರಾ, ಬಿಸಿನೆಸ್ ಬೇ, ಜುಮೇರಾ ವಿಲೇಜ್ ಸರ್ಕಲ್, ಇಂಟರ್‌ನ್ಯಾಷನಲ್ ಸಿಟಿ ಇವೆಲ್ಲ ಅದರೊಳಗೆ ಬರುತ್ತವೆ. ನಮ್ಮವರು ತಲೆಮಾರಿನಿಂದ ಬಾಡಿಗೆಗೆ ಇರುವ ದೇರಾ, ಕರಾಮಾದಂಥ ಹಳೇ ಬಡಾವಣೆಗಳ ಬಹುಪಾಲು ಈ ಪಟ್ಟಿಯಲ್ಲಿಲ್ಲ. "ನಾನು ಇಪ್ಪತ್ತು ವರ್ಷ ಇದ್ದ ಬಿಲ್ಡಿಂಗ್‌ನಲ್ಲೇ ಒಂದು ಫ್ಲ್ಯಾಟ್ ತಗೊಳ್ತೇನೆ" ಅನ್ನೋ ಆಸೆ ಸಾಮಾನ್ಯವಾಗಿ ನಡೆಯಲ್ಲ.

ಪಟ್ಟಿಯೊಳಗಿನ ಕೆಲವು ಕಡೆ ಮಾಲೀಕತ್ವ ಸಿಗದೆ 99 ವರ್ಷದವರೆಗಿನ ಲೀಸ್ ಮಾತ್ರ ಸಿಗುತ್ತದೆ. ಬ್ರೋಷರಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಅಂತ ಕೇಳಿ, ಕಾಗದದಲ್ಲಿ ನೋಡಿ. ಅಬುಧಾಬಿ, ಶಾರ್ಜಾ, ಅಜ್ಮಾನ್‌ಗಳಿಗೆ ಅವರವರದೇ ಕಾನೂನು ಇದೆ. ಅಬುಧಾಬಿಯು 2019ರಲ್ಲಿ ತನ್ನ ಹೂಡಿಕೆ ವಲಯಗಳಲ್ಲಿ ವಿದೇಶಿಯರಿಗೆ ಪೂರ್ಣ ಮಾಲೀಕತ್ವ ಕೊಟ್ಟಿತು. ದುಬೈನ ನಿಯಮ ಹೇಳಿ ಅಜ್ಮಾನಿನ ಫ್ಲ್ಯಾಟ್ ತೋರಿಸಿದರೆ ಅಲ್ಲೇ ನಿಲ್ಲಿಸಿ ಪ್ರಶ್ನೆ ಕೇಳಬೇಕು.

ಖರೀದಿಗೆ ಅಲ್ಲಿಯ ರೆಸಿಡೆನ್ಸ್ ವೀಸಾ ಇರಲೇಬೇಕು ಅಂತೇನಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದರೆ ಊರಲ್ಲಿದ್ದವರೂ ಕೊಳ್ಳಬಹುದು.

ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯ ಜಾಗದಲ್ಲಿ ಅಲ್ಲಿ ಏನಿದೆ

ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟ್ ಅಂತ ಒಂದು ಇಲಾಖೆ ಇದೆ. ನೋಂದಣಿ, ಮಾಲೀಕತ್ವದ ಪತ್ರ ಎರಡೂ ಅದರ ಕೈಯಲ್ಲಿ. ಅದರ ಕೆಳಗೆ ರೇರಾ ಅನ್ನುವ ನಿಯಂತ್ರಣ ಸಂಸ್ಥೆ ಇದೆ. ಹೆಸರು ಒಂದೇ ಅಂತ ನಮ್ಮ ಕರ್ನಾಟಕ ರೇರಾ ಜತೆ ಗೊಂದಲ ಮಾಡ್ಕೋಬೇಡಿ. ದುಬೈ ಪ್ರಾಜೆಕ್ಟಿನ ಬಗ್ಗೆ ಬೆಂಗಳೂರಿನ ರೇರಾಕ್ಕೆ ದೂರು ಕೊಟ್ಟರೆ ಪ್ರಯೋಜನ ಇಲ್ಲ. ಅಗ್ರಿಮೆಂಟಿಗೆ ಅನ್ವಯ ಆಗೋದು ಅಲ್ಲಿಯ ಕಾನೂನು, ಜಗಳ ಆದರೆ ಹೋಗಬೇಕಾದ್ದು ಅಲ್ಲಿಯ ಕೋರ್ಟು.

ಕಟ್ಟಿ ಮುಗಿದ ಫ್ಲ್ಯಾಟ್ ಆದರೆ ಕ್ರಮ ಸರಳ. ಮಾರುವವರು, ಕೊಳ್ಳುವವರು ಇಲಾಖೆಯ ನಿಗದಿತ ಒಪ್ಪಂದ ಪತ್ರಕ್ಕೆ ಸಹಿ ಹಾಕುತ್ತಾರೆ, ಇದಕ್ಕೆ ಫಾರ್ಮ್ ಎಫ್ ಅಂತಾರೆ. ಸಾಮಾನ್ಯವಾಗಿ ಶೇ. 10ರಷ್ಟು ಮುಂಗಡದ ಚೆಕ್ ಬ್ರೋಕರ್ ಬಳಿ ಇರುತ್ತದೆ. ಕಟ್ಟಡ ಕಟ್ಟಿದ ಡೆವಲಪರ್‌ನಿಂದ ಬಾಕಿ ಏನೂ ಇಲ್ಲ ಅನ್ನುವ ನಿರಾಕ್ಷೇಪಣಾ ಪತ್ರ ಬರಬೇಕು. ಆಮೇಲೆ ಇಲಾಖೆ ಮಾನ್ಯ ಮಾಡಿದ ಟ್ರಸ್ಟಿ ಕಚೇರಿಯಲ್ಲಿ ಬ್ಯಾಂಕಿನ ಮ್ಯಾನೇಜರ್ಸ್ ಚೆಕ್ ಕೊಟ್ಟು ಹೆಸರು ಬದಲಾವಣೆ. ಮಾಲೀಕತ್ವದ ಪತ್ರ ಅವತ್ತೇ ಕೈಗೆ ಬರೋದೂ ಉಂಟು. ನಮ್ಮಲ್ಲಿ ಖಾತೆ ಬದಲಾವಣೆಗೆ ಅಲೆದಾಡಿದವರಿಗೆ ಇದು ನಂಬಲು ಕಷ್ಟ.

ಖರ್ಚಿನ ವಿಚಾರ. ನೋಂದಣಿ ಶುಲ್ಕ ಬೆಲೆಯ ಶೇ. 4. ನಮ್ಮಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ. 2 ಆಗಿದೆ, ಮುದ್ರಾಂಕ ಶುಲ್ಕ ಬೇರೆ, ಹಾಗಾಗಿ ಅಲ್ಲಿಯದ್ದು ದುಬಾರಿ ಅನ್ನೋ ಹಾಗಿಲ್ಲ. ಬ್ರೋಕರ್ ಕಮಿಷನ್ ಸಾಮಾನ್ಯವಾಗಿ ಶೇ. 2, ಅದರ ಮೇಲೆ ಶೇ. 5 ವ್ಯಾಟ್. ಟ್ರಸ್ಟಿ ಕಚೇರಿಗೆ 5 ಲಕ್ಷ ದಿರ್ಹಮ್ ಮೀರಿದ ಆಸ್ತಿಗೆ 4,000 ದಿರ್ಹಮ್ ಮತ್ತು ವ್ಯಾಟ್. 10 ಲಕ್ಷ ದಿರ್ಹಮ್‌ನ ಫ್ಲ್ಯಾಟಿಗೆ ಇದೆಲ್ಲ ಕೂಡಿದರೆ ಸುಮಾರು 66,000 ದಿರ್ಹಮ್. ದಿರ್ಹಮಿಗೆ 24 ರೂಪಾಯಿ ಅಂತ ಹಿಡಿದರೂ 16 ಲಕ್ಷ ರೂಪಾಯಿ ಹತ್ತಿರ. ಬ್ರೋಷರಿನಲ್ಲಿ ಈ ಸಾಲು ಸಣ್ಣ ಅಕ್ಷರದಲ್ಲೂ ಇರೋದಿಲ್ಲ.

ಪ್ರತಿ ವರ್ಷ ಕಟ್ಟಡ ನಿರ್ವಹಣೆಯ ಸರ್ವಿಸ್ ಚಾರ್ಜ್ ಬೇರೆ. ಅದನ್ನು ಚದರ ಅಡಿ ಲೆಕ್ಕದಲ್ಲಿ ಹಾಕ್ತಾರೆ. ಚದರ ಅಡಿಗೆ 15 ದಿರ್ಹಮ್ ಇರೋ ಕಟ್ಟಡದಲ್ಲಿ 1,000 ಚದರ ಅಡಿಯ ಫ್ಲ್ಯಾಟ್ ಇದ್ದರೆ ವರ್ಷಕ್ಕೆ 15,000 ದಿರ್ಹಮ್. ಬಾಡಿಗೆಗೆ ಜನ ಇರಲಿ ಬಿಡಲಿ, ಇದನ್ನು ಕಟ್ಟಲೇಬೇಕು. ಬಾಡಿಗೆ ಶೇ. ಇಷ್ಟು ಬರುತ್ತೆ ಅಂತ ಏಜೆಂಟ್ ಹೇಳಿದರೆ, ಸರ್ವಿಸ್ ಚಾರ್ಜ್ ಕಳೆದು ಹೇಳ್ತಿದ್ದೀರಾ ಕಳೆಯದೆಯಾ ಅಂತ ಕೇಳಿ.

ಕಟ್ಟುತ್ತಿರುವ ಫ್ಲ್ಯಾಟಿನ ಕಂತು

ನಮ್ಮವರಿಗೆ ಹೆಚ್ಚಾಗಿ ತೋರಿಸೋದು ಇನ್ನೂ ಕಟ್ಟಬೇಕಾದ ಪ್ರಾಜೆಕ್ಟುಗಳನ್ನೇ, ಯಾಕೆಂದರೆ ಕಂತು ಇರುತ್ತದೆ. ಬುಕಿಂಗಿಗೆ ಶೇ. 10 ಅಥವಾ 20, ಉಳಿದದ್ದು ಮೂರು–ನಾಲ್ಕು ವರ್ಷದಲ್ಲಿ.

2008–09ರ ಆರ್ಥಿಕ ಕುಸಿತದಲ್ಲಿ ದುಬೈನ ಎಷ್ಟೋ ಪ್ರಾಜೆಕ್ಟುಗಳು ಅರ್ಧಕ್ಕೆ ನಿಂತವು. ಅದಕ್ಕೆ ಸ್ವಲ್ಪ ಮೊದಲು, 2007ರ 8ನೇ ಕಾನೂನಿನಲ್ಲಿ, ಕೊಳ್ಳುವವರ ದುಡ್ಡು ಡೆವಲಪರ್‌ನ ಜೇಬಿಗೆ ಹೋಗದೆ ಆ ಪ್ರಾಜೆಕ್ಟಿನದ್ದೇ ಪ್ರತ್ಯೇಕ ಎಸ್ಕ್ರೋ ಖಾತೆಗೆ ಹೋಗಬೇಕು ಅಂತ ಆಗಿತ್ತು. ಕಟ್ಟುತ್ತಿರುವ ಫ್ಲ್ಯಾಟನ್ನು ತಾತ್ಕಾಲಿಕ ರಿಜಿಸ್ಟರಿನಲ್ಲಿ ದಾಖಲಿಸಬೇಕು ಅಂತ 2008ರ 13ನೇ ಕಾನೂನು ಹೇಳಿತು. ಈ ದಾಖಲೆಗೆ ಅಲ್ಲಿ ಉಕೂದ್ ಅನ್ನುತ್ತಾರೆ. ನಿಮ್ಮ ಹೆಸರಿಗೆ ಉಕೂದ್ ಆಗಿಲ್ಲ ಅಂದರೆ ನಿಮ್ಮ ಕೈಯಲ್ಲಿರೋದು ರಶೀದಿ ಮಾತ್ರ.

ದುಬೈ ರೆಸ್ಟ್ ಅನ್ನುವ ಸರ್ಕಾರಿ ಮೊಬೈಲ್ ಆ್ಯಪ್ ಇದೆ. ಪ್ರಾಜೆಕ್ಟ್ ನೋಂದಣಿ ಆಗಿದೆಯಾ, ಕೆಲಸ ಎಷ್ಟು ನಡೆದಿದೆ, ಬ್ರೋಕರಿಗೆ ಲೈಸೆನ್ಸ್ ಇದೆಯಾ ಅಂತ ಅದರಲ್ಲಿ ನೋಡಬಹುದು. ಊರಲ್ಲಿ ಜಾಗ ಕೊಳ್ಳುವಾಗ ಇಸಿ, ಪಹಣಿ ನೋಡದೆ ಯಾರೂ ಮುಂಗಡ ಕೊಡಲ್ಲ. ಇದೂ ಹಾಗೆಯೇ.

ಕಂತು ಅರ್ಧಕ್ಕೆ ನಿಲ್ಲಿಸಿದರೆ ಏನಾಗುತ್ತೆ? ಇದನ್ನು ಗಮನ ಇಟ್ಟು ಓದಿ. ಡೆವಲಪರ್ ಇಲಾಖೆಯ ಮೂಲಕ 30 ದಿನದ ನೋಟಿಸ್ ಕೊಟ್ಟು ಒಪ್ಪಂದ ರದ್ದು ಮಾಡಬಹುದು. ಆಗ ಕಟ್ಟಡದ ಕೆಲಸ ಎಷ್ಟು ಮುಗಿದಿದೆ ಅನ್ನೋದರ ಮೇಲೆ ಒಪ್ಪಂದದ ಬೆಲೆಯ ಶೇ. 25ರಿಂದ 40ರವರೆಗೆ ಡೆವಲಪರ್ ಇಟ್ಟುಕೊಳ್ಳಲು ಕಾನೂನಿನಲ್ಲೇ ಅವಕಾಶ ಇದೆ. ಈ ಶೇಕಡಾ ನೀವು ಕಟ್ಟಿದ ಹಣದ ಮೇಲಲ್ಲ, ಪೂರ್ತಿ ಬೆಲೆಯ ಮೇಲೆ. 10 ಲಕ್ಷ ದಿರ್ಹಮ್‌ನ ಫ್ಲ್ಯಾಟಿಗೆ 3 ಲಕ್ಷ ಕಟ್ಟಿ ಕೈಚೆಲ್ಲಿದರೆ, ವಾಪಸ್ ಬರೋದು 50,000 ಇರಬಹುದು, ಏನೂ ಇಲ್ಲದೆಯೂ ಹೋಗಬಹುದು. ಅಡಿಕೆ ಬೆಲೆ ಚೆನ್ನಾಗಿದ್ದ ವರ್ಷ ಬುಕ್ ಮಾಡಿ, ಮುಂದಿನ ವರ್ಷ ಫಸಲು ಕೈಕೊಟ್ಟರೆ ಕಂತು ಕಾಯೋದಿಲ್ಲ.

ವೀಸಾ: ಎರಡು ಬಗೆ

ಆಸ್ತಿ ಕೊಂಡವರಿಗೆ ಸಿಗುವ ವೀಸಾದಲ್ಲಿ ಮುಖ್ಯವಾಗಿ ಎರಡು ಬಗೆ. ಹಲವು ವರ್ಷಗಳಿಂದ ನಡೆದುಬಂದದ್ದು 2 ವರ್ಷದ ವೀಸಾ. ಇದಕ್ಕೆ 7.5 ಲಕ್ಷ ದಿರ್ಹಮ್ ಮೌಲ್ಯದ ಆಸ್ತಿ ಅನ್ನೋ ಲೆಕ್ಕ ಇಟ್ಟುಕೊಂಡು ಬಂದಿದ್ದಾರೆ. ಇನ್ನೊಂದು 10 ವರ್ಷದ ಗೋಲ್ಡನ್ ವೀಸಾ. ಇದಕ್ಕೆ ಆಸ್ತಿಯ ಮೌಲ್ಯ 20 ಲಕ್ಷ ದಿರ್ಹಮ್ ಇರಬೇಕು. 2022ರ ಅಕ್ಟೋಬರಿನಿಂದ ಈ ರೂಪದಲ್ಲಿದೆ. ರೂಪಾಯಿಯಲ್ಲಿ 4.6ರಿಂದ 5 ಕೋಟಿ. ಒಂದೇ ಫ್ಲ್ಯಾಟ್ ಆಗಬೇಕು ಅಂತಿಲ್ಲ, ಒಂದಕ್ಕಿಂತ ಹೆಚ್ಚು ಆಸ್ತಿ ಸೇರಿಸಿ ಲೆಕ್ಕ ತೋರಿಸಬಹುದು. ಗಂಡ-ಹೆಂಡತಿ ಜಂಟಿಯಾಗಿ ಕೊಂಡಿದ್ದರೆ, ದೃಢೀಕರಿಸಿದ ವಿವಾಹ ಪ್ರಮಾಣಪತ್ರ ಕೊಟ್ಟು ಇಬ್ಬರ ಪಾಲನ್ನೂ ಒಟ್ಟಾಗಿ ತೋರಿಸಬಹುದು. ಸಾಲ ಇರುವ ಆಸ್ತಿಯಾದರೆ ಬ್ಯಾಂಕಿನ ಪತ್ರ ಬೇಕು.

ಇವೆರಡರ ನಡುವಿನ ವ್ಯತ್ಯಾಸ ವರ್ಷದ ಲೆಕ್ಕದಲ್ಲಿ ಮಾತ್ರ ಇಲ್ಲ. ಸಾಮಾನ್ಯ ರೆಸಿಡೆನ್ಸ್ ವೀಸಾ ಇರುವವರು 6 ತಿಂಗಳಿಗಿಂತ ಹೆಚ್ಚು ಯುಎಇ ಹೊರಗೆ ಉಳಿದರೆ ವೀಸಾ ಬಿದ್ದುಹೋಗುತ್ತೆ. ಗೋಲ್ಡನ್ ವೀಸಾಕ್ಕೆ ಆ ಕಟ್ಟು ಇಲ್ಲ. ಇಲ್ಲಿ ದಿನಾ ಬೆಳಿಗ್ಗೆ ಅಂಗಡಿ ಶಟರ್ ಎತ್ತುವವರು 2 ವರ್ಷದ ವೀಸಾ ಮಾಡಿಸಿಕೊಂಡರೆ, ಅದನ್ನು ಉಳಿಸೋಕೇ ಆರು ತಿಂಗಳಿಗೊಮ್ಮೆ ವಿಮಾನ ಹತ್ತಬೇಕು. ಗೋಲ್ಡನ್ ವೀಸಾದವರು ಹೆಂಡತಿ ಅಥವಾ ಗಂಡ ಮತ್ತು ಮಕ್ಕಳನ್ನು, ಮಕ್ಕಳ ವಯಸ್ಸಿನ ಮಿತಿ ಇಲ್ಲದೆ, ತಮ್ಮ ಮೇಲೆ ಕರೆಸಿಕೊಳ್ಳಬಹುದು.

ಇದು ಪೌರತ್ವ ಅಲ್ಲ. ಎಷ್ಟು ವರ್ಷ ಇದ್ದರೂ, ಎಷ್ಟು ಫ್ಲ್ಯಾಟ್ ಇದ್ದರೂ ಆಸ್ತಿ ಕೊಂಡಿದ್ದಕ್ಕೆ ಯುಎಇ ಪಾಸ್‌ಪೋರ್ಟ್ ಕೊಡೋದಿಲ್ಲ. ಅಲ್ಲಿ ಉದ್ಯೋಗ ಮಾಡಬೇಕಾದರೆ ಕೆಲಸದ ಪರ್ಮಿಟ್ ಬೇರೆಯೇ ಮಾಡಿಸಬೇಕು. ಆಸ್ತಿ ಮಾರಿದರೆ ವೀಸಾಕ್ಕಿದ್ದ ಆಧಾರವೂ ಹೋಯಿತು. ಬೆಲೆ ಏರಿದೆ, ಮಾರಿ ಲಾಭ ಮಾಡ್ತೇನೆ ಅನ್ನೋ ಲೆಕ್ಕವೂ, ಹತ್ತು ವರ್ಷ ವೀಸಾ ಇರುತ್ತೆ ಅನ್ನೋ ಲೆಕ್ಕವೂ ಒಟ್ಟಿಗೆ ಕೂಡೋದಿಲ್ಲ.

2025ರ ಜುಲೈನಲ್ಲಿ, 1 ಲಕ್ಷ ದಿರ್ಹಮ್ ಅಂದರೆ ಸುಮಾರು 23 ಲಕ್ಷ ರೂಪಾಯಿ ಕಟ್ಟಿದರೆ ಭಾರತೀಯರಿಗೆ ಆಜೀವ ಗೋಲ್ಡನ್ ವೀಸಾ ಅನ್ನೋ ಸುದ್ದಿ ದೇಶವಿಡೀ ಓಡಾಡಿತ್ತು, ನೆನಪಿರಬಹುದು. ಕೆಲವೇ ದಿನದಲ್ಲಿ ಯುಎಇಯ ಗುರುತು ಮತ್ತು ಪೌರತ್ವ ಪ್ರಾಧಿಕಾರವೇ ಅಂಥ ಯೋಜನೆ ಇಲ್ಲ, ಅರ್ಜಿ ಸರ್ಕಾರಿ ಮಾರ್ಗದಲ್ಲಿ ಮಾತ್ರ ಅಂತ ಹೇಳಿತು. ಆ ಸುದ್ದಿಯ ವಾಟ್ಸ್‌ಆ್ಯಪ್ ಫಾರ್ವರ್ಡ್‌ಗಳು ಸುಲಭವಾಗಿ ಸಾಯೋ ಜಾತಿಯವಲ್ಲ. ಯಾರಾದರೂ 23 ಲಕ್ಷ ಅಂದರೆ ನಂಬಬೇಡಿ.

ನಿಯಮ ನಾಳೆಯೂ ಇದೇ ಇರುತ್ತೆ ಅಂತಲೂ ಹೇಳಕ್ಕಾಗಲ್ಲ. ಆಸ್ತಿ ಕೊಂಡರೆ ವೀಸಾ ಅನ್ನುವ ಬಾಗಿಲನ್ನು ಪೋರ್ಚುಗಲ್ 2023ರಲ್ಲಿ ಮುಚ್ಚಿತು, ಸ್ಪೇನ್ 2025ರ ಏಪ್ರಿಲ್‌ನಲ್ಲಿ ಮುಚ್ಚಿತು. ಗ್ರೀಸ್ ತನ್ನ ಬೇಡಿಕೆ ಇರುವ ಪ್ರದೇಶಗಳಲ್ಲಿ ಮೊತ್ತವನ್ನು 8 ಲಕ್ಷ ಯೂರೋಗೆ ಏರಿಸಿತು. ಹಳೇ ಬ್ರೋಷರ್ ಹಿಡಿದು ಪೋರ್ಚುಗಲ್ ಮನೆ ಮಾರುವವರು ಬಂದರೆ ಒಂದು ಚಹಾ ಕುಡಿಸಿ ಕಳಿಸಿ.

ಈಗ ಮುಖ್ಯ ಸಂಗತಿ: ದುಡ್ಡು ಹೋಗೋ ದಾರಿ

ಮೊದಲು ಕೊಳ್ಳೋದು ಯಾರು ಅಂತ ನೋಡಬೇಕು. ಮಗ ದುಬೈನಲ್ಲಿ ಕೆಲಸದಲ್ಲಿದ್ದು, ಅಲ್ಲಿ ದುಡಿದ ಸಂಬಳದಲ್ಲಿ ಕೊಂಡರೆ ನಮ್ಮ ಫೆಮಾ ಕಾನೂನಿನ ಮಿತಿ ಅವನಿಗೆ ಅಡ್ಡ ಬರೋದಿಲ್ಲ. ಅವನು ಅನಿವಾಸಿ, ದುಡ್ಡು ಅಲ್ಲಿಯದ್ದು. ಯುಎಇ ಬ್ಯಾಂಕುಗಳು ವಿದೇಶಿ ನಿವಾಸಿಗಳಿಗೆ ಮೊದಲ ಮನೆಗೆ, ಬೆಲೆ 50 ಲಕ್ಷ ದಿರ್ಹಮ್ ಒಳಗಿದ್ದರೆ, ಶೇ. 80ರವರೆಗೆ ಸಾಲ ಕೊಡಬಹುದು. ಕಟ್ಟುತ್ತಿರುವ ಫ್ಲ್ಯಾಟಿಗೆ ಶೇ. 50ರವರೆಗೆ. ಮುಂದೆ ಅವನು ಊರಿಗೇ ವಾಪಸ್ ಬಂದು ನೆಲೆಸಿದರೂ, ಅನಿವಾಸಿಯಾಗಿದ್ದಾಗ ಕೊಂಡ ಆ ಫ್ಲ್ಯಾಟನ್ನು ಹಾಗೇ ಇಟ್ಟುಕೊಳ್ಳಲು ಫೆಮಾದ 6(4)ನೇ ಕಲಂ ಅನುಮತಿ ಕೊಡುತ್ತೆ.

ಊರಲ್ಲಿರುವ ಅಪ್ಪ, ಅಣ್ಣ, ಅಂಗಡಿ ಮಾಲೀಕರು ಕೊಳ್ಳುವುದಾದರೆ ಲೆಕ್ಕವೇ ಬೇರೆ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಅನ್ನುವ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್ ಮಾತ್ರ ಹೊರಗೆ ಕಳಿಸಬಹುದು. ದಿರ್ಹಮ್ ಡಾಲರಿಗೆ ಗಂಟು ಹಾಕಿಕೊಂಡ ಹಣ, ಒಂದು ಡಾಲರ್ ಅಂದರೆ 3.6725 ದಿರ್ಹಮ್. ಅಂದರೆ ವರ್ಷಕ್ಕೆ ಒಬ್ಬರ ಮಿತಿ ಸುಮಾರು 9.18 ಲಕ್ಷ ದಿರ್ಹಮ್. 10 ಲಕ್ಷದ ಫ್ಲ್ಯಾಟೇ ಒಬ್ಬರ ಮಿತಿ ದಾಟುತ್ತದೆ. ಗೋಲ್ಡನ್ ವೀಸಾಕ್ಕೆ ಬೇಕಾದ 20 ಲಕ್ಷ ದಿರ್ಹಮ್ ಅಂದರೆ 5.44 ಲಕ್ಷ ಡಾಲರಿಗೂ ಮೇಲೆ. ಒಬ್ಬರೇ ಕಳಿಸುವುದಾದರೆ ಮೂರು ಹಣಕಾಸು ವರ್ಷ ಬೇಕು, ಒಂದೇ ವರ್ಷದಲ್ಲಿ ಆಗಬೇಕಾದರೆ ಮನೆಯ ಮೂರು ಜನ ಬೇಕು. ಕುಟುಂಬದವರು ಮಿತಿ ಒಟ್ಟುಗೂಡಿಸಬಹುದು, ಆದರೆ ದುಡ್ಡು ಕಳಿಸಿದವರ ಹೆಸರು ಮಾಲೀಕರಲ್ಲಿ ಇರೋದು ಸುರಕ್ಷಿತ. ಹೆಂಡತಿಯ ಖಾತೆಯಿಂದ ಕಳಿಸಿ, ಪತ್ರ ಗಂಡನ ಹೆಸರಿಗೊಂದಕ್ಕೇ ಮಾಡಿಸೋ ಮೊದಲು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಇನ್ನು ತೆರಿಗೆ ಮುಂಗಡ, ಟಿಸಿಎಸ್. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇ. 20 ಟಿಸಿಎಸ್ ಹಿಡಿಯುತ್ತದೆ. ಆಸ್ತಿ ಖರೀದಿಗೆ ರಿಯಾಯಿತಿ ಇಲ್ಲ. ಒಂದು ಕೋಟಿ ಕಳಿಸಿದರೆ 90 ಲಕ್ಷದ ಮೇಲೆ 18 ಲಕ್ಷ. ಇದು ಹೋದ ದುಡ್ಡಲ್ಲ, ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಆದರೆ ಅಲ್ಲಿಯವರೆಗೆ 18 ಲಕ್ಷ ಸಿಕ್ಕಿಹಾಕಿಕೊಂಡಿರುತ್ತೆ. ಅಂಗಡಿಗೆ ಸರಕು ಹಾಕೋ ಬಂಡವಾಳ ಅದು ಆಗಿದ್ದರೆ ತೊಂದರೆ ಏನು ಅಂತ ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿಯ ಬ್ಯಾಂಕಿನಿಂದ ಸಾಲ ತೆಗೆದು ಕಳಿಸೋಣ ಅಂದ್ರೆ ಅದೂ ಇಲ್ಲ. ಎಲ್‌ಆರ್‌ಎಸ್ ಮೂಲಕ ಹೊರಗೆ ಆಸ್ತಿ, ಹೂಡಿಕೆ ಮಾಡೋಕೆ ಬ್ಯಾಂಕುಗಳು ಸಾಲ ಕೊಡಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ. ವ್ಯಾಪಾರಕ್ಕೆ ಅಂತ ತೆಗೆದ ಓಡಿ ಹಣವನ್ನು ಇದಕ್ಕೆ ತಿರುಗಿಸಿದರೆ ಎರಡು ಕಡೆಯಿಂದ ತಪ್ಪು. ಊರಲ್ಲಿದ್ದುಕೊಂಡು ದುಬೈ ಬ್ಯಾಂಕಿನ ಸಾಲ ಮಾಡೋದು, ಕೀಲಿ ಕೈಗೆ ಬಂದ ಮೇಲೂ ವರ್ಷಗಟ್ಟಲೆ ಕಂತು ಕಟ್ಟೋ ಯೋಜನೆಗೆ ಸಹಿ ಹಾಕೋದು ಇವೆರಡೂ ವಿದೇಶಿ ಸಾಲದ ನಿಯಮಕ್ಕೆ ತಾಗುವ ಸಾಧ್ಯತೆ ಇದೆ. ಫೆಮಾ ತಿಳಿದ ಸಿಎ ಒಬ್ಬರಿಗೆ ತೋರಿಸದೆ ಸಹಿ ಮಾಡಬೇಡಿ. ಬುಕಿಂಗ್ ಮೊತ್ತವನ್ನು ಕ್ರೆಡಿಟ್ ಕಾರ್ಡ್ ಉಜ್ಜಿ ಕೊಡೋದೂ ಸರಿಯಲ್ಲ, ಆ ಕಾರ್ಡ್ ಇರೋದು ಪ್ರವಾಸ, ಖರೀದಿಯಂಥ ಖರ್ಚಿಗೆ. ಕಳಿಸಿದ ದುಡ್ಡು ಬಳಕೆಯಾಗದೆ ಅಲ್ಲೇ ಖಾತೆಯಲ್ಲಿ 180 ದಿನ ಕೂತರೆ ಅದನ್ನು ವಾಪಸ್ ತರಬೇಕು ಅನ್ನೋದನ್ನೂ ನೆನಪಿಡಿ.

ಅನಿವಾಸಿ ಮಗನ ಹೆಸರಿಗೆ ಊರಲ್ಲಿ ಬಂದ ಪಿತ್ರಾರ್ಜಿತ ಜಾಗ ಇದ್ದು, ಅದನ್ನು ಮಾರಿದ ದುಡ್ಡು ಅವನ ಎನ್‌ಆರ್‌ಒ ಖಾತೆಯಲ್ಲಿದ್ದರೆ, ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಒಯ್ಯಬಹುದು. ತೆರಿಗೆ ಕಟ್ಟಿದ ಬಗ್ಗೆ ಸಿಎ ಪ್ರಮಾಣಪತ್ರ ಬೇಕು. ಅನೇಕ ಕುಟುಂಬಗಳಿಗೆ ಇದೇ ಹೆಚ್ಚು ಸಲೀಸಾದ ದಾರಿ, ಆದರೆ ಜಾಗ ಅವನ ಹೆಸರಿಗಿರಬೇಕು.

ಹವಾಲದ ಮಾತು

"ನೀವು ಇಲ್ಲಿ ನಮ್ಮವರ ಕೈಗೆ ರೂಪಾಯಿ ಕೊಡಿ, ಅಲ್ಲಿ ದಿರ್ಹಮ್ ನಾವು ಕಟ್ತೇವೆ. ಟಿಸಿಎಸ್ ಇಲ್ಲ, ಮಿತಿ ಇಲ್ಲ." ಈ ಮಾತು ಕೇಳಿದವರು ಕರಾವಳಿಯಲ್ಲಿ ಕಡಿಮೆ ಇರಲಿಕ್ಕಿಲ್ಲ. ಗಲ್ಫಿನಿಂದ ಮನೆಖರ್ಚಿನ ದುಡ್ಡು ಇದೇ ದಾರಿಯಲ್ಲಿ ಬರೋದು ಕಂಡು ಬೆಳೆದವರಿಗೆ ಇದು ದೊಡ್ಡ ಅಪರಾಧ ಅಂತ ಅನಿಸೋದೂ ಇಲ್ಲ. ಆಸ್ತಿ ವಿಷಯದಲ್ಲಿ ಮಾತ್ರ ಇದು ಮನೆ ಮುಳುಗಿಸುತ್ತದೆ. ಫೆಮಾ ಉಲ್ಲಂಘನೆಗೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. 37ಎ ಕಲಂ ಪ್ರಕಾರ, ಹೊರದೇಶದಲ್ಲಿ ನಿಯಮ ಮೀರಿ ಆಸ್ತಿ ಇಟ್ಟಿದ್ದಾರೆ ಅನ್ನೋ ಅನುಮಾನ ಬಂದರೆ ಅಷ್ಟೇ ಬೆಲೆಯ ಆಸ್ತಿಯನ್ನು ಭಾರತದಲ್ಲಿ ಜಪ್ತಿ ಮಾಡಬಹುದು. ಅಂದರೆ ದುಬೈ ಫ್ಲ್ಯಾಟ್ ಅಲ್ಲೇ ಇರುತ್ತೆ, ಪೇಟೆಯ ನಿಮ್ಮ ಅಂಗಡಿ ಕಟ್ಟಡಕ್ಕೆ ನೋಟಿಸ್ ಅಂಟುತ್ತೆ.

ಇಲ್ಲಿಯ ಏಜೆಂಟನ ಖಾತೆಗೆ ರೂಪಾಯಿಯಲ್ಲಿ "ಟೋಕನ್" ಹಾಕೋದೂ ಇದರ ತಮ್ಮನೇ. ದುಡ್ಡು ನಿಮ್ಮ ಬ್ಯಾಂಕಿನಿಂದ ನೇರ ಆ ಪ್ರಾಜೆಕ್ಟಿನ ಎಸ್ಕ್ರೋ ಖಾತೆಗೆ, ಅಥವಾ ಮಾರುವವರಿಗೆ, ಅಥವಾ ಅಲ್ಲಿಯ ನಿಮ್ಮದೇ ಖಾತೆಗೆ ಹೋಗಬೇಕು. ಬ್ಯಾಂಕಿನಲ್ಲಿ ತುಂಬಿದ ಎ2 ಅರ್ಜಿ, ಸ್ವಿಫ್ಟ್ ಪ್ರತಿ ಎರಡನ್ನೂ ಪಹಣಿ ಜತೆ ಇಡುವ ಹಾಗೆ ಜೋಪಾನವಾಗಿ ಇಡಿ.

ರಿಟರ್ನ್ಸ್‌ನಲ್ಲಿ ತೋರಿಸದೆ ಇದ್ದರೆ

ದುಬೈನಲ್ಲಿ ಬಾಡಿಗೆ ಆದಾಯಕ್ಕೆ ವ್ಯಕ್ತಿಗಳಿಗೆ ತೆರಿಗೆ ಇಲ್ಲ. ಅಲ್ಲಿ ಇಲ್ಲ ಅಂದ ಮಾತ್ರಕ್ಕೆ ಇಲ್ಲೂ ಇಲ್ಲ ಅಂತಲ್ಲ. ಭಾರತದಲ್ಲಿ ನಿವಾಸಿಯಾಗಿರುವವರು ಜಗತ್ತಿನ ಎಲ್ಲೇ ಬಂದ ಆದಾಯಕ್ಕೂ ಇಲ್ಲಿ ತೆರಿಗೆ ಕಟ್ಟಬೇಕು. ಬಾಡಿಗೆಯಲ್ಲಿ ಶೇ. 30 ಕಡಿತ ಸಿಗುತ್ತೆ, ಉಳಿದದ್ದು ನಿಮ್ಮ ಆದಾಯಕ್ಕೆ ಸೇರುತ್ತದೆ. 2 ವರ್ಷ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇ. 12.5.

ಗೋಲ್ಡನ್ ವೀಸಾ ಸಿಕ್ಕ ಕೂಡಲೇ ನಾನು ಎನ್‌ಆರ್‌ಐ, ತೆರಿಗೆ ಇಲ್ಲ ಅಂತ ಕೆಲವರು ತಿಳಿದಿದ್ದಾರೆ. ಇಲ್ಲ ಮಾರಾಯ್ರೆ. ತೆರಿಗೆ ಇಲಾಖೆ ನೋಡೋದು ನೀವು ವರ್ಷದಲ್ಲಿ ಎಷ್ಟು ದಿನ ಭಾರತದಲ್ಲಿದ್ದಿರಿ ಅಂತ. ವೀಸಾ ಜೇಬಲ್ಲಿದ್ದು ವರ್ಷವಿಡೀ ಊರಲ್ಲೇ ಇದ್ದರೆ ನೀವು ನಿವಾಸಿಯೇ.

ಆಸ್ತಿಯ ವಿವರವನ್ನು ಪ್ರತಿ ವರ್ಷ ರಿಟರ್ನ್ಸ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಬೇಕು. ಬಾಡಿಗೆ ಬರಲಿ ಬಿಡಲಿ, ತೋರಿಸಲೇಬೇಕು. ಮರೆತರೆ 2015ರ ಕಪ್ಪುಹಣ ಕಾನೂನಿನಡಿ 10 ಲಕ್ಷ ರೂಪಾಯಿ ದಂಡ. ಸಣ್ಣ ಮೊತ್ತದ ವಿದೇಶಿ ಖಾತೆ, ಷೇರುಗಳಿಗೆ 2024ರಲ್ಲಿ ಈ ದಂಡದಿಂದ ಸ್ವಲ್ಪ ವಿನಾಯಿತಿ ಕೊಟ್ಟರು, ಮನೆ-ಜಾಗಕ್ಕೆ ಕೊಡಲಿಲ್ಲ. ಖರೀದಿಯ ದುಡ್ಡಿನ ಮೂಲವೇ ತೋರಿಸಲಾಗದಿದ್ದರೆ ಆಸ್ತಿ ಮೌಲ್ಯದ ಶೇ. 30 ತೆರಿಗೆ, ಆ ತೆರಿಗೆಯ ಮೂರು ಪಟ್ಟು ದಂಡ, ಕೂಡಿದರೆ ಆಸ್ತಿಯ ಬೆಲೆಗಿಂತ ಹೆಚ್ಚು. ಯುಎಇಯ ಬ್ಯಾಂಕ್ ಖಾತೆಗಳ ಮಾಹಿತಿ ಸರ್ಕಾರಗಳ ನಡುವಿನ ಒಪ್ಪಂದದಂತೆ ನಮ್ಮ ತೆರಿಗೆ ಇಲಾಖೆಗೆ ಬರುತ್ತಿದೆ. 2024ರ ನವೆಂಬರಿನಲ್ಲಿ ಇಲಾಖೆ ಹೀಗೆ ಮಾಹಿತಿ ಸಿಕ್ಕವರಿಗೆ ಎಸ್‌ಎಂಎಸ್, ಇಮೇಲ್ ಕಳಿಸಿ ರಿಟರ್ನ್ಸ್ ತಿದ್ದಿಕೊಳ್ಳಿ ಅಂತ ಹೇಳಿತ್ತು. ಯಾರಿಗೂ ಗೊತ್ತಾಗಲ್ಲ ಅನ್ನೋ ಕಾಲ ಮುಗಿದಿದೆ.

ಗಲ್ಫ್ ಮುಗಿಸಿ ಊರಿಗೆ ಬಂದವರಿಗೂ ಇದೇ ಅನ್ವಯ. ಮೊದಲ ಎರಡು–ಮೂರು ವರ್ಷ ಸಾಮಾನ್ಯವಾಗಿ ರಿಯಾಯಿತಿ ಇರುವ ಸ್ಥಾನಮಾನ ಸಿಗುತ್ತೆ, ಆಮೇಲೆ ಅಲ್ಲಿಯ ಫ್ಲ್ಯಾಟು ಇಲ್ಲಿಯ ರಿಟರ್ನ್ಸ್‌ಗೆ ಬರಬೇಕು. ಅನೇಕರು ಎಡವೋದು ಇಲ್ಲೇ, ಕೊಂಡಾಗ ಎಲ್ಲ ಸರಿಯಾಗೇ ಇತ್ತಲ್ಲ ಅಂತ.

ಮಾಲೀಕರು ತೀರಿಕೊಂಡರೆ

ಇದನ್ನು ಏಜೆಂಟರು ಮಾತಾಡೋದಿಲ್ಲ, ಮನೆಯವರೂ ಮಾತಾಡೋದಿಲ್ಲ. ಮಾತಾಡಬೇಕು. ದುಬೈ ಆಸ್ತಿಯ ವಾರಸುದಾರಿಕೆ ಅಲ್ಲಿಯ ಕೋರ್ಟಿನ ಮೂಲಕವೇ ಆಗಬೇಕು. ಮುಸ್ಲಿಮರಿಗೆ ಶರಿಯತ್ ಪ್ರಕಾರ ಪಾಲು. ಮುಸ್ಲಿಮೇತರರಿಗೆ 2023ರ ಫೆಬ್ರವರಿಯಿಂದ ಜಾರಿಗೆ ಬಂದ ಕಾನೂನಿನಂತೆ, ಉಯಿಲು ಇಲ್ಲದಿದ್ದರೆ ಅರ್ಧ ಗಂಡ ಅಥವಾ ಹೆಂಡತಿಗೆ, ಉಳಿದರ್ಧ ಮಕ್ಕಳಿಗೆ ಸಮಪಾಲು, ಹೆಣ್ಣು-ಗಂಡು ಭೇದ ಇಲ್ಲ. ವಯಸ್ಸಾದ ತಂದೆ-ತಾಯಿಗೂ ಪಾಲು ಇರಲಿ, ಅಥವಾ ಬೇರೆ ರೀತಿ ಹಂಚಿಕೆ ಆಗಲಿ ಅನ್ನುವವರು ಉಯಿಲು ಬರೆಯಬೇಕು. ಮುಸ್ಲಿಮೇತರರು ಉಯಿಲನ್ನು ದುಬೈ ಕೋರ್ಟಿನಲ್ಲೋ ಡಿಐಎಫ್‌ಸಿ ಉಯಿಲು ಕೇಂದ್ರದಲ್ಲೋ ನೋಂದಾಯಿಸಬಹುದು. ಊರಿನ ನೋಟರಿ ಹತ್ತಿರ ಬರೆದ ಉಯಿಲನ್ನೇ ನಂಬಿ ಕೂತರೆ, ಅದನ್ನು ಅಲ್ಲಿ ಮಾನ್ಯ ಮಾಡಿಸೋದಕ್ಕೆ ತಿಂಗಳುಗಟ್ಟಲೆ ಓಡಾಟ.

ಇಲ್ಲಿಯ ಯಾವುದೇ ಕಾಗದ, ಅಂದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ವಿವಾಹ ಪ್ರಮಾಣಪತ್ರ, ಪವರ್ ಆಫ್ ಅಟಾರ್ನಿ, ಅಲ್ಲಿ ನಡೆಯಬೇಕಾದರೆ ರಾಜ್ಯ ಸರ್ಕಾರ, ವಿದೇಶಾಂಗ ಇಲಾಖೆ, ಯುಎಇ ರಾಯಭಾರ ಕಚೇರಿ, ಕೊನೆಗೆ ಯುಎಇಯ ವಿದೇಶಾಂಗ ಸಚಿವಾಲಯ ಹೀಗೆ ಹಂತ ಹಂತವಾಗಿ ದೃಢೀಕರಣ ಆಗಬೇಕು. ಅರೇಬಿಕ್‌ಗೆ ಮಾನ್ಯತೆ ಇರುವ ಅನುವಾದಕರಿಂದ ಅನುವಾದವೂ ಬೇಕು. ಇದರಲ್ಲಿ ಸಮಯ ತಿನ್ನೋದು ಹೆಸರಿನ ವ್ಯತ್ಯಾಸ. ಪಾಸ್‌ಪೋರ್ಟಿನಲ್ಲಿ ಒಂದು ಥರ, ಪಡಿತರ ಚೀಟಿಯಲ್ಲಿ ಒಂದು ಥರ, ವಂಶವೃಕ್ಷದಲ್ಲಿ ಮನೆ ಹೆಸರು ಸೇರಿ ಇನ್ನೊಂದು ಥರ ಇದ್ದರೆ ಅಲ್ಲಿಯ ಕೋರ್ಟು ಅದನ್ನು ಮೂರು ಜನ ಅಂತಲೇ ಓದುತ್ತೆ. ಫ್ಲ್ಯಾಟ್ ಕೊಳ್ಳೋ ಯೋಚನೆ ಇರುವವರು ಮೊದಲು ನಾಡಕಚೇರಿಗೆ ಹೋಗಿ ಈ ಹೆಸರುಗಳನ್ನು ಒಂದೇ ಮಾಡಿಸಿಕೊಳ್ಳಿ, ಮಂಗಳೂರಿನ ವಿಮಾನದ ಟಿಕೆಟ್ ಆಮೇಲೆ ಮಾಡಿಸಿದರಾಯಿತು.